ಬಂದ್ರು, ಬಂತು, ಬಂದ್ಲು

ಕ್ಯಾತಪ್ಪನವರ ಬಾಯಲ್ಲಿ ಬಹುವಚನ ಹೊರಡುವುದಿಲ್ಲ ಎಂಬುದು ಐ.ಡಿ.ಹಳ್ಳಿ ಹೋಬಳಿಗೆಲ್ಲ ಗೊತ್ತಿರುವ ವಿಷಯ. ಹಟ್ಟಿಗೆ ಬಂದ ತಹಶೀಲ್ದಾರರಿಗೆ "ಬಾರಪ್ಪ, ಕುಂತ್ಕ, ಮಜ್ಜಿಗೆ ಕುಡೀತೀಯಾ?" ಎಂದವರು ಅವರು. ವೋಟು ಕೇಳಲು ಕೈಮುಗಿದುಕೊಂಡು ಬಂದವರಿಗೆ "ಓದ್ಸಲ ಬಂದಿದ್ದೋನೂ ನೀನೇ ಏನ್ಲಾ?" ಎಂದು ಕೇಳಿದ ವಿಡಿಯೋ ನಮ್ಮ ಕಡೆಯ ಎಲ್ಲರ ಫೋನಿನಲ್ಲೂ ಓಡಾಡಿದೆ. ನಾನು ಮಾತ್ರ ಅವರಿಗೆ ಬಹುವಚನವನ್ನೇ ಬಳಸುತ್ತೇನೆ. ಹೆಣ್ಣು ಕೇಳಬೇಕಾದವನಿಗೆ ಬೇರೆ ದಾರಿ ಇಲ್ಲ.

ಅಂಥವರು ಕಳೆದ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ, ನಾನು ಮೈಕು ಹಿಡಿದು ಅವರ ಕುರಿ ರೊಪ್ಪದ ಮುಂದೆ ನಿಂತಿದ್ದಾಗ, ಧೂಳೆಬ್ಬಿಸಿಕೊಂಡು ಬರುತ್ತಿದ್ದ ಒಂದು ಸ್ಕೂಟಿಯ ಕಡೆ ನೋಡಿ, "ಅಗಾ, ಅವ್ರು ಬಂದ್ರು" ಎಂದರು.

ನಾನು ಗಾಬರಿಯಿಂದ ಅಂಗಿಯ ಕಾಲರ್ ಸರಿಮಾಡಿಕೊಂಡೆ. ಕ್ಯಾತಪ್ಪನವರೇ 'ಬಂದ್ರು' ಎನ್ನಬೇಕಾದರೆ ಬರುತ್ತಿರುವವರು ಕಡೇಪಕ್ಷ ಜಿಲ್ಲಾ ಮಟ್ಟದ ಅಧಿಕಾರಿಯೇ ಇರಬೇಕು. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಿಸುವ ಬಗ್ಗೆ ಎರಡು ನಿಮಿಷದ ಸುದ್ದಿ ಮಾಡಲು ನಾನು ಮಧುಗಿರಿಯಿಂದ ಬಂದಿದ್ದೆ. ಅಧಿಕಾರಿಯೇ ಸಿಕ್ಕಿಬಿಟ್ಟರೆ ಸುದ್ದಿಗೆ ತೂಕ ಬರುತ್ತದೆ ಎಂದು ಖುಷಿಯಾಯಿತು.

ಅಧಿಕಾರಿ ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಬದನೆಕಾಯಿ ಬಣ್ಣದ ಚೂಡಿದಾರ, ಸೊಂಟಕ್ಕೆ ಬಿಗಿದ ದುಪಟ್ಟಾ, ಹಿಂದಿನ ಸೀಟಿನಲ್ಲಿ ಹಗ್ಗದಿಂದ ಕಟ್ಟಿದ ಐಸ್ ಬಾಕ್ಸ್. ಹಣೆಗೆ ಅಂಟಿದ್ದ ಕೂದಲನ್ನು ಮುಂಗೈಯಿಂದ ಹಿಂದೆ ತಳ್ಳಿ ನನ್ನನ್ನು ನೋಡಿದಳು. ಆ ಕಣ್ಣುಗಳಲ್ಲಿ ಒಂದು ತುಂಟತನ ಆಗಲೇ ಕಾದು ಕುಳಿತಂತಿತ್ತು. ನನಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಮರೆತುಹೋದವು.

"ನಮಸ್ಕಾರ ಮೇಡಂ. ನಾನು ಬಸವೇಶ್. ಗರಿಗರಿ ನ್ಯೂಸ್."

"ಗರಿಗರಿನಾ? ಹಪ್ಪಳದ ಅಂಗ್ಡಿದಾ?"

"ಇಲ್ಲ ಮೇಡಂ, ಯೂಟ್ಯೂಬ್ ಚಾನೆಲ್. ತಾವು ತುಮಕೂರು ಆಫೀಸಿಂದ ಬಂದ್ರಾ?"

"ಇಲ್ಲ, ಬಡವನಹಳ್ಳಿಯಿಂದ. ಬಸ್‌ಸ್ಟ್ಯಾಂಡ್ ಪಕ್ಕ ನಮ್ಮಾಫೀಸು. ಷಟರ್ ಎತ್ತೋದೂ ನಾನೇ, ಕಸ ಗುಡ್ಸೋದೂ ನಾನೇ."

ಎಂಥ ಸರಳ ಅಧಿಕಾರಿ ಎಂದು ನನಗೆ ಮನಸ್ಸು ತುಂಬಿ ಬಂತು. ಅವಳು ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಹಿಡಿದು, ಚರ್ಮ ಎತ್ತಿ, ಸೂಜಿ ಚುಚ್ಚಿ, ಬೆನ್ನಿಗೆ ಬಣ್ಣದ ಗುರುತು ಎಳೆದು ಬಿಡುತ್ತಿದ್ದಳು. ನಾನು ಪ್ರತಿ ವಾಕ್ಯಕ್ಕೂ ಒಂದು 'ಮೇಡಂ' ಸೇರಿಸಿ ಸುದ್ದಿಗೆ ಅವಳ ಮಾತಿನ ಬೈಟ್ ತೆಗೆದುಕೊಂಡೆ. ಬೇಲಿಯ ಹತ್ತಿರ ನಿಂತಿದ್ದ ಕ್ಯಾತಪ್ಪನವರ ಮಗಳು ಯಶೋದ ಯಾಕೋ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಅಷ್ಟರಲ್ಲಿ ಕ್ಯಾತಪ್ಪನವರ ಹೆಂಡತಿ ಭೀಮಕ್ಕ ಗುಡಿಸಲಿನಿಂದ ತಟ್ಟೆ ಹಿಡಿದು ಬಂದರು. "ಅಯ್ಯೋ, ಬೆಳಿಗ್ಗೆಯಿಂದ ಏನೂ ಉಂಡಿಲ್ಲ ನನ್ ಕೂಸು. ಈಗ ಬತ್ತದೆ, ಆಗ ಬತ್ತದೆ ಅಂತ ಕಾಯ್ತಾ ಇದ್ದೆ. ಅಂತೂ ಬಂತಲ್ಲ."

ನಾನು ಸುತ್ತ ನೋಡಿದೆ. "ಮಗು ಎಲ್ಲಿದೆ ಅಮ್ಮ?"

ಯಶೋದ ನಗು ತಡೆಯಲಾಗದೆ ನೆಲದ ಮೇಲೆ ಕುಳಿತೇಬಿಟ್ಟಳು. ಅಧಿಕಾರಿ ಸಿರಿಂಜು ಕೆಳಗಿಟ್ಟು ಹೇಳಿದಳು: "ಆ ಮಗು ನಾನೇ. ನನ್ನ ಹೆಸರು ಲೋಹಿತಾ. ಇದು ನಮ್ಮನೆ, ಅವ್ರು ನಮ್ಮಪ್ಪ, ನಾನು ಕೆಲ್ಸ ಮಾಡೋದು ದನಕರು ಔಷಧಿ ಅಂಗಡೀಲಿ."

"ಮತ್ತೆ ನಿಮ್ಮಪ್ಪ ನಿಮಗೆ 'ಅವ್ರು ಬಂದ್ರು' ಅಂತ..."

ಕ್ಯಾತಪ್ಪನವರು ತಟಕ್ಕನೆ ಕುರಿಗಳ ಕಡೆ ತಿರುಗಿ ನಡೆದುಬಿಟ್ಟರು. ಯಶೋದಳ ನಗು ನಿಂತಿತು. ಲೋಹಿತಾ ನನ್ನ ಮೈಕಿನ ವೈರನ್ನು ಸುತ್ತಿ ಕೈಗಿಟ್ಟು, "ಬಡವನಹಳ್ಳಿಗೆ ಬನ್ನಿ, ಹೇಳ್ತೀನಿ. ಆ 'ಮೇಡಂ'ನ ಮಾತ್ರ ಇಲ್ಲೇ ಬಿಟ್ಟು ಬನ್ನಿ" ಎಂದಳು.

ಮಾರನೆಯ ದಿನವೇ ಹೋದೆ. ಚನ್ನಮಲ್ಲಯ್ಯನವರ ಪಶು ಔಷಧಿ ಅಂಗಡಿಯಲ್ಲಿ ಅವಳು ಕೌಂಟರಿನ ಹಿಂದೆ ನಿಂತು ಸುತ್ತುಬಳಸಿಲ್ಲದೆ ಹೇಳಿದಳು.

"ನಾನು ಟ್ರಾನ್ಸ್ ಹುಡುಗಿ. ಹುಟ್ಟಿದಾಗ ಇವ್ರೆಲ್ಲ ಗಂಡು ಅಂದ್ಕೊಂಡಿದ್ರು. ತುಮಕೂರಲ್ಲಿ ಡಿಪ್ಲೊಮಾ ಓದಕ್ಕೋದೆ, ನಾನು ಯಾರು ಅಂತ ಅಲ್ಲಿ ಬಾಯ್ಬಿಟ್ಟು ಹೇಳೋ ಧೈರ್ಯ ಬಂತು. ಮೂರು ವರ್ಷದ ಹಿಂದೆ ಚೂಡಿದಾರ ಹಾಕ್ಕೊಂಡು ಹಟ್ಟಿಗೆ ಬಂದೆ. ಅಪ್ಪ ನಾಲ್ಕು ತಿಂಗಳು ಒಂದು ಮಾತೂ ಆಡ್ಲಿಲ್ಲ. ಹೊಡೀಲಿಲ್ಲ, ಹೋಗು ಅನ್ಲಿಲ್ಲ. ಸುಮ್ನೆ ಇದ್ಬುಟ್ಟ. ಆಮೇಲೊಂದಿನ ಅಮ್ಮನಿಗೆ ಹೇಳ್ತಾನೆ, 'ಅವ್ರು ಬಂದ್ರು, ಅವ್ರಿಗೆ ಮುದ್ದೆ ಇಕ್ಕು' ಅಂತ. 'ಬಂದ' ಅನ್ನಕ್ಕೆ ಮನಸ್ಸು ಬರ್ಲಿಲ್ಲ, 'ಬಂದ್ಲು' ಅನ್ನಕ್ಕೆ ಬಾಯಿ ಬರ್ಲಿಲ್ಲ. ಮಧ್ಯದಲ್ಲಿ ಸಿಕ್ಕಿದ್ದು 'ಬಂದ್ರು'."

"ಅಮ್ಮ?"

"ಅಮ್ಮಂಗೆ ನಾನು ಎಳೇ ಕೂಸು. ಬಂತು, ಉಣ್ತು, ಮಲಗ್ತು. ಅದ್ರಲ್ಲಿ ತೊಂದ್ರೆನೇ ಇಲ್ಲ."

ಸುಳ್ಳು ಹೇಳುವುದಿಲ್ಲ, ನನಗೆ ಆ ಗಳಿಗೆಯಲ್ಲಿ ನಾಚಿಕೆಯಾಯಿತು. ಅವಳ ಬಗ್ಗೆ ಅಲ್ಲ, ನನ್ನ ಬಗ್ಗೆಯೇ. ಎರಡು ವರ್ಷದ ಹಿಂದೆ ಸಿರಾದ ಒಬ್ಬ ಟ್ರಾನ್ಸ್ ಮಹಿಳೆ ಟೀ ಅಂಗಡಿ ತೆರೆದ ಸುದ್ದಿಯನ್ನು ನಾನೇ ಎಡಿಟ್ ಮಾಡಿದ್ದೆ. ನಮ್ಮ ಮಾಲೀಕ ಜಯರಾಮಯ್ಯನ ಕಂಪ್ಯೂಟರಿನಲ್ಲಿ ಹಿನ್ನೆಲೆ ಸಂಗೀತದ ಫೋಲ್ಡರುಗಳಿವೆ: ಭಕ್ತಿ, ರೋಷ, ಶೋಕ ಒಂದು, ಶೋಕ ಎರಡು, ಶೋಕ ಮೂರು. ಆ ಹೆಂಗಸು ಮೂರು ನಿಮಿಷವೂ ನಗುನಗುತ್ತಾ ಟೀ ಸೋಸುತ್ತಿದ್ದರೂ ನಾನು ಶೋಕ ಮೂರು ಹಾಕಿದ್ದೆ. ಲೋಹಿತಾಳಿಗೆ ಅದನ್ನೂ ಹೇಳಿಬಿಟ್ಟೆ.

ಅವಳು ಕೈಯಲ್ಲಿದ್ದ ಬಾಟಲಿಯನ್ನು ಕೌಂಟರಿನ ಮೇಲಿಟ್ಟಳು. "ನಮ್ಮಪ್ಪ ಆ ವಿಡಿಯೋ ನೋಡಿದ್ರೆ ಆ ಯಮ್ಮನಿಗೆ ಏನೋ ಆಗ್ಬಾರದ್ದು ಆಗಿದೆ ಅಂತ್ಲೇ ಅಂದ್ಕೊಳ್ತಿದ್ದ" ಎಂದಳು. ಬೈಯಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

"ಈಗ ನಿಮಗೆ ಏನು ಬೇಕು? ನಿಮ್ಮಪ್ಪನಿಂದ?"

"ಬೈಸ್ಕೊಬೇಕು" ಎಂದಳು, ಯೋಚನೆಯನ್ನೇ ಮಾಡದೆ. "ಯಶೋದಂಗೆ ದಿನಾ ಬೈತಾನೆ. 'ಲೇ ಯಶೋದಿ, ಹಾಳಾದೋಳೆ, ಮರಿ ಎಲ್ಲೇ ಬುಟ್ಟೆ?' ಅಂತ ಬೆಟ್ಟದ ಆಚೆಗೂ ಕೇಳೋ ಹಂಗೆ. ಅವಳು ಅಳ್ತಾ ಕೂತಿದ್ರೆ ನಂಗೆ ಹೊಟ್ಟೆಕಿಚ್ಚು. ನನ್ನ ಹೆಸರೂ ಕರೆಯಲ್ಲ. ಎಲ್ಲ ಮರ್ಯಾದೆ. ಮನೇಲಿ ನೆಂಟ್ರ ತರ ಆಗ್ಬುಟ್ಟಿದೀನಿ ಕಣ್ರೀ."

ನನಗೆ ಕೌಂಟರಿನ ಆಚೆ ಹೋಗಿ ಅವಳ ಪಕ್ಕದಲ್ಲಿ ನಿಲ್ಲಬೇಕೆನಿಸಿತು. ಅಂಗಡಿಗೆ ಯಾರೋ ಬಂದರು. ನಾನು ಏನಾದರೂ ಕೊಳ್ಳಬೇಕಲ್ಲ ಎಂದು ಒಂದು ಜಂತುಹುಳದ ಔಷಧಿ ಕೊಂಡೆ.

ಆಮೇಲೆ ವಾರಕ್ಕೆ ಮೂರು ಸಲ ಕೊಂಡೆ. ನಮ್ಮ ಮನೆ ಇರುವುದು ಮಧುಗಿರಿಯ ಪೇಟೆಯಲ್ಲಿ, ಅಪ್ಪ ನಂದೀಶ್ವರಯ್ಯನವರದು ಪಾತ್ರೆ ವ್ಯಾಪಾರ. ನನ್ನ ಮಂಚದ ಕೆಳಗೆ ಕುರಿ ಟಾನಿಕ್ಕಿನ ಬಾಟಲಿಗಳು ಸಾಲಾಗಿ ನಿಂತಿರುವುದನ್ನು ಕಂಡು ಅಮ್ಮ ಸರೋಜಮ್ಮ, "ಏನೋ ಇದು, ಕುಡಿಯೋಕೆ ಶುರು ಮಾಡಿದ್ಯಾ?" ಎಂದು ಕೇಳಿದರು.

ಒಂದು ಮಧ್ಯಾಹ್ನ ಲೋಹಿತಾ ಬಾಟಲಿಯನ್ನು ಕೈಗೆ ಕೊಡದೆ ಹಿಡಿದುಕೊಂಡಳು. "ನಿಜ ಹೇಳಿ. ನಿಮ್ಮನೇಲಿ ಎಷ್ಟು ಕುರಿ ಅವೆ?"

"ಒಂದೇ."

"ಎಲ್ಲೈತೆ?"

"ನಿಮ್ಮ ಮುಂದೆ ನಿಂತಿದೆ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೂ ಅಳೆದು ನೋಡಿದಳು. "ಹೂಂ. ತೂಕ ಕಮ್ಮಿ. ಮೇವು ಸರಿಯಾಗಿ ತಿಂತಾ ಇಲ್ಲ ಅನ್ಸುತ್ತೆ. ನಾಳೆಯಿಂದ ಮಧ್ಯಾಹ್ನ ಇಲ್ಲಿಗೆ ಬಂದು ಊಟ ಮಾಡ್ಲಿ." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ಬೆನ್ನು ತಿರುಗಿಸಿ ಸರಿಯಾಗಿಯೇ ಇದ್ದ ಬಾಟಲಿಗಳನ್ನು ಮತ್ತೆ ಜೋಡಿಸತೊಡಗಿದಳು. ಕಿವಿಯ ತುದಿ ಕೆಂಪಾಗಿತ್ತು.

ಜುಲೈ ತಿಂಗಳಲ್ಲಿ ಜಯರಾಮಯ್ಯನಿಗೆ ಯಾರೋ ಸುದ್ದಿ ಮುಟ್ಟಿಸಿದರು. "ಲೋ ಬಸವೇಶ, ಆ ಲಸಿಕೆ ಹುಡುಗಿ ಟ್ರಾನ್ಸ್ ಅಂತಲ್ಲೋ! ಎಂಥ ಸ್ಟೋರಿ ಕೈಲಿಟ್ಕೊಂಡು ಕೂತಿದ್ದೀಯ! 'ಕುರಿಗಾಹಿಯ ಮನೆಯಲ್ಲಿ ಕಣ್ಣೀರ ಕೋಡಿ.' ಹಳೇ ಫೋಟೋ ಒಂದು ಇಸ್ಕೊಂಡ್ ಬಾ." ನಾನು ಆಗುವುದಿಲ್ಲ ಎಂದೆ. ಲೋಹಿತಾಳಿಗೆ ಹೇಳಿದಾಗ ಅವಳು ಆಗುತ್ತದೆ ಎಂದಳು.

"ನಾನು ಹೈಸ್ಕೂಲಲ್ಲಿದ್ದಾಗ ಟಿವಿ ತುಂಬಾ ಹುಡುಕ್ತಿದ್ದೆ, ನನ್ನಂಗೆ ಯಾರಾದ್ರೂ ಅವ್ರಾ ಅಂತ. ಸಿಕ್ಕಿದ್ದು ಎರಡೇ. ಕಾಮಿಡಿಯೋರು ಸೀರೆ ಉಟ್ಕೊಂಡು ನಗ್ಸೋದು, ಇಲ್ಲಾಂದ್ರೆ ಪೊಲೀಸ್ ಜೀಪು. ನಮ್ಮಪ್ಪ ನೋಡಿದ್ದೂ ಅದನ್ನೇ. ಸುಮ್ನೆ ಕೆಲ್ಸ ಮಾಡೋದನ್ನ ತೋರ್ಸಿ. ಹಳೇ ಫೋಟೋ ಇಲ್ಲ, ಹಳೇ ಹೆಸ್ರು ಇಲ್ಲ, ಶೋಕ ಮೂರು ಇಲ್ವೇ ಇಲ್ಲ. ಕುರಿ ಸಾಕೋರಿಗೆ ಉಪಯೋಗ ಆಗ್ಬೇಕು."

ಆಗ ಕ್ಯಾತಪ್ಪನವರ ಮಂದೆ ಮೇವಿಗಾಗಿ ಪಾವಗಡದ ಕಡೆ ಹೋಗಿತ್ತು. ವಳ್ಳೂರಿನಲ್ಲಿ ಸೋಲಾರ್ ಪ್ಲೇಟುಗಳ ಬೇಲಿಯ ಹೊರಗೆ, ಬೀಳು ನೆಲದಲ್ಲಿ ಶೂಟಿಂಗ್ ಇಟ್ಟುಕೊಂಡೆವು. ಕ್ಯಾತಪ್ಪನವರು ಮಂದೆಯ ಆ ತುದಿಯಲ್ಲಿದ್ದರು. ಲೋಹಿತಾ ಒಂದು ಮರಿಯನ್ನು ಎತ್ತಿಕೊಂಡು ನಿಂತಳು.

"ಲೋಹಿತಾ ಅವರೇ, ಸ್ವಲ್ಪ ಬಲಕ್ಕೆ ಬನ್ನಿ."

ಅವಳು ಅಲುಗಲಿಲ್ಲ.

"ಲೋಹಿತಾ, ಬಲಕ್ಕೆ ಬನ್ನಿ."

"ಮರ್ಯಾದೆ ನಮ್ಮನೇಲೇ ಬೇಕಾದಷ್ಟೈತೆ. ನೀವೂ ಕೊಟ್ರೆ ಎಲ್ಲಿಡ್ಲಿ?"

"ಬಲಕ್ಕೆ ಬಾ" ಎಂದೆ. ಒಂದು ಹೆಜ್ಜೆ ಬಂದಳು. "ಇನ್ನೂ ಸ್ವಲ್ಪ ಬಾರೇ" ಎಂದೆ. ಎಷ್ಟು ಹತ್ತಿರ ಬಂದಳೆಂದರೆ ಕ್ಯಾಮೆರಾದಲ್ಲಿ ಅವಳ ಕಣ್ಣುಗಳು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

"ಇಷ್ಟು ಹತ್ರ ಫೋಕಸ್ ಆಗಲ್ಲ."

"ಕೆಳಗಿಡು ಮತ್ತೆ."

ಕೆಳಗಿಟ್ಟೆ. ನಾನು ಮಾತನಾಡಿ ಹೊಟ್ಟೆ ಹೊರೆಯುವವನು, ಆದರೂ ಆವತ್ತು ಹೊರಟದ್ದು ಇಷ್ಟೇ: "ನಂಗೆ ನೀನು ಬೇಕು. ದಿನಾ ಬೇಕು."

"ಕುರಿ ಮುಂದೆ ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ?" ಎಂದಳು. ನಗುತ್ತಿದ್ದಳು, ಮರಿಯ ತಲೆಯ ಮೇಲಿಂದ ಕೈ ಚಾಚಿ ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಮರುಕ್ಷಣ ಅವಳ ಮುಖ ಬಾಡಿತು. "ನಂಗೂ ನೀನು ಬೇಕು. ಅಪ್ಪನೂ ಬೇಕು. 'ಅವ್ರು' ಅಂತ ಅಂದಾದ್ರೂ ಈಗ ಮಾತಾಡ್ತಾನೆ. ಇದು ಗೊತ್ತಾಗಿ ಮತ್ತೆ ಬಾಯಿ ಮುಚ್ಕೊಂಡ್ರೆ? ಆ ನಾಲ್ಕು ತಿಂಗ್ಳು ಇನ್ನೊಂದ್ಸಲ ನನ್ ಕೈಲಾಗಲ್ಲ ಬಸವೇಶ."

ನಾನು ಅವಳ ಕೈ ಬಿಡಲಿಲ್ಲ.

ವಿಡಿಯೋ ಸಿದ್ಧಮಾಡಿ ಕೊಟ್ಟು ಟೀ ಕುಡಿದು ಬರುವುದರೊಳಗೆ ಜಯರಾಮಯ್ಯ ತನ್ನ ಕೈಚಳಕ ತೋರಿಸಿದ್ದ. ಲೋಹಿತಾ ನಗುವ ಜಾಗದಲ್ಲೆಲ್ಲ ಸ್ಲೋ ಮೋಷನ್, ಕೆಳಗೆ ಶೋಕ ಮೂರು. ನಾನು ತೆಗಿ ಎಂದೆ, ಅವನು ವ್ಯೂಸ್ ಬರುವುದಿಲ್ಲ ಎಂದ. ಇದನ್ನು ಹೀಗೇ ಹೊರಗೆ ಬಿಟ್ಟರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದೆ. ಜಗಳ ತಾರಕಕ್ಕೇರಿದಾಗ, ಪಾವಗಡದ ಬಸ್ಸಿಳಿದು ಬಂದು, ಆಫೀಸಿನ ಬಾಗಿಲಲ್ಲಿ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಕ್ಯಾತಪ್ಪನವರು ನಿಂತಿದ್ದರು.

"ನಮ್ಮೋರ್ನ ಟಿವಿಗೆ ಹಾಕ್ತೀಯಂತೆ. ಎಲ್ಲಿ, ತೋರ್ಸು."

ಜಯರಾಮಯ್ಯ ಹೆಮ್ಮೆಯಿಂದ ತೋರಿಸಿದ. ಕ್ಯಾತಪ್ಪನವರು ಕೋಲಿಗೆ ಗಲ್ಲ ಊರಿ ಪೂರ್ತಿ ನೋಡಿದರು. ಮುಗಿದ ಮೇಲೆ ಕೇಳಿದರು: "ಯಾರ್ಲಾ ಸತ್ತೋರು?"

"ಯಾರೂ ಇಲ್ಲ ಯಜಮಾನ್ರೇ! ಅದು ಎಫೆಕ್ಟು."

"ಮತ್ಯಾಕ್ಲಾ ಪೀಪಿ ಊದ್ತಾ ಇದೀಯ? ಸೂಜಿ ಚುಚ್ತಾ ಅವ್ರೆ, ನಗ್ತಾ ಅವ್ರೆ. ನಗೋರ ಹಿಂದೆ ಅಳೋ ಪೀಪಿ ಊದ್ತಾರಾ?" ಕೋಲು ನೆಲಕ್ಕೆ ಕುಟ್ಟಿದರು. ಆಮೇಲೆ ಅವರ ದನಿ ಇಳಿಯಿತು. "ಇಂಥ ಪೀಪಿ ಕೇಳೀ ಕೇಳೀನೇ ನಾನು ಎದರ್ಕಂಡಿದ್ದು ಕಣಪ್ಪ. ನನ್ ಮಗೀಗೂ ಇಂಗೇ ಆಯ್ತದೆ, ಬೀದಿ ಪಾಲಾಯ್ತದೆ ಅಂತ. ನಾಕು ತಿಂಗ್ಳು ಮಾತೇ ಬರ್ನಿಲ್ಲ ನಂಗೆ. ತೆಗಿ ಅದ್ನ."

ಜಯರಾಮಯ್ಯ ಕೆಟ್ಟವನಲ್ಲ. ಮಾತಾಡದೆ ತೆಗೆದ.

ಹನ್ನೆರಡು ನಿಮಿಷದ ವಿಡಿಯೋ ಕುರಿಗಳ ಕೊರಳಗಂಟೆಯ ಸದ್ದಿನೊಂದಿಗೇ ಹೊರಗೆ ಹೋಯಿತು. ಕೆಲವರು ಕೊಳಕು ಕಾಮೆಂಟು ಹಾಕಿದರು, ಅಳಿಸಿದೆ. ಹೆಚ್ಚಿನವರು ಕೇಳಿದ್ದು ಮರಿಗೆ ಎಷ್ಟು ಎಂ.ಎಲ್. ಹಾಕಬೇಕು ಎಂದು. ಪಾವಗಡದಿಂದ ಒಂದು ಮೆಸೇಜ್ ಬಂತು: "ಅಕ್ಕಾ, ನಾನೂ ನಿಮ್ಮ ಹಂಗೇ. ಮನೇಲಿ ಇನ್ನೂ ಹೇಳಿಲ್ಲ. ನಮ್ಮ ನಾಯನಗೆ, ಅಂದ್ರೆ ನಮ್ಮಪ್ಪಂಗೆ, ನಿಮ್ಮ ವಿಡಿಯೋ ತೋರಿಸ್ದೆ. ಈ ಹುಡುಗಿ ಬಾಗ ಚೆಪ್ತಾಂದಿ, ಚೆನ್ನಾಗಿ ಹೇಳ್ತಾಳೆ ಅಂದ್ರು. ಸಾಕು ಅನ್ನಿಸ್ತು." ಲೋಹಿತಾ ಅದನ್ನು ನಾಲ್ಕು ಸಲ ಓದಿ, ಅಂಗಡಿಯ ಒಳಕೋಣೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಹಟ್ಟಿಯವರೆಲ್ಲ ಯಶೋದಳ ಫೋನಿನ ಸುತ್ತ ಕುಳಿತು ನೋಡಿದರಂತೆ. ಯಾರೋ ಅಜ್ಜಿ, "ಈ ಕ್ಯಾಮ್ರಾದೋನಿಗೆ ಕುರಿ ಕಾಣಾಕಿಲ್ವಾ? ಬರೀ ಹುಡ್ಗೀನೇ ತೋರಿಸ್ತವ್ನೆ" ಎಂದಳಂತೆ. ಆಮೇಲೆ ನಾನೇ ಲೆಕ್ಕ ಹಾಕಿದೆ. ಹನ್ನೆರಡರಲ್ಲಿ ಒಂಬತ್ತು ನಿಮಿಷ ಲೋಹಿತಾಳ ಮುಖವೇ ಇತ್ತು. ಕ್ಯಾಮೆರಾ ನನ್ನ ಗುಟ್ಟನ್ನು ಊರಿಗೆಲ್ಲ ಸಾರಿತ್ತು.

ನಮ್ಮ ಮನೆಯಲ್ಲಿ ಅಮ್ಮ ನೋಡಿದ ಕೂಡಲೇ ಕೇಳಿದರು, "ಟಾನಿಕ್ ಅಂಗಡಿ ಇದೇನಾ?" ಎಲ್ಲ ಹೇಳಿದೆ. ಅಮ್ಮ ಸ್ವಲ್ಪ ಅತ್ತರು, ಆಮೇಲೆ ವಿಡಿಯೋ ಮತ್ತೆ ಹಾಕಲು ಹೇಳಿದರು. ಅಪ್ಪ ಹನ್ನೊಂದು ದಿನ ಮಾತು ಬಿಟ್ಟರು. ಹನ್ನೆರಡನೆಯ ದಿನ ವಿಭೂತಿ ಹಚ್ಚಿಕೊಳ್ಳುತ್ತಾ, "ಹುಡುಗಿ ಮಾಂಸ ತಿಂತಾಳಾ?" ಎಂದು ಕೇಳಿದರು. ಇಷ್ಟೆಲ್ಲದರ ನಡುವೆ ನಮ್ಮಪ್ಪನಿಗೆ ಉಳಿದ ತಕರಾರು ಅದೊಂದೇ. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಉಳಿದದ್ದು ಕ್ಯಾತಪ್ಪನವರು. ಅಷ್ಟರಲ್ಲಿ ಅವರ ಮಂದೆ ಹಟ್ಟಿಗೆ ಮರಳಿತ್ತು. ಹೇಗೆ ಹೇಳುವುದು ಎಂದು ಕುಳಿತು ಮಾತನಾಡಲು ಒಂದು ಬುಧವಾರ ಇಬ್ಬರೂ ನನ್ನ ಬೈಕಿನಲ್ಲಿ ಕೊರಟಗೆರೆಗೆ ಹೋದೆವು. ತಟ್ಟೆ ಇಡ್ಲಿ ತಿಂದೆವು, ಕಾಫಿ ಕುಡಿದೆವು, ಅವಳು ನನ್ನ ತಟ್ಟೆಯ ಚಟ್ನಿಯನ್ನೂ ಖಾಲಿ ಮಾಡಿದಳು. ಮಾತನಾಡಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾತನಾಡಿದೆವು. ಮನೆಯಲ್ಲಿ ಅವಳು ಅಂಗಡಿಗೆ ಎಂದು ಹೇಳಿ ಬಂದಿದ್ದಳು. ಅಂಗಡಿಯಲ್ಲಿ ಕುರಿಗೆ ಹುಷಾರಿಲ್ಲ ಎಂದು ಹೇಳಿದ್ದಳು. ಚನ್ನಮಲ್ಲಯ್ಯನವರು ಎಷ್ಟು ಒಳ್ಳೆಯವರೆಂಬುದನ್ನು ಇಬ್ಬರೂ ಮರೆತಿದ್ದೆವು.

ಸಂಜೆ ಹಟ್ಟಿಯ ಮುಂದೆ ಬೈಕು ನಿಲ್ಲಿಸಿದಾಗ ಜಗುಲಿಯ ಮೇಲೆ ಚನ್ನಮಲ್ಲಯ್ಯನವರು ಕುಳಿತಿದ್ದರು. ಕಾಯಿಲೆ ಬಿದ್ದ ಕುರಿಯನ್ನು ನೋಡಿಕೊಂಡು ಹೋಗೋಣವೆಂದು, ಕೈಯಲ್ಲಿ ಔಷಧಿಯ ಚೀಲ ಹಿಡಿದು ಬಂದಿದ್ದರು. ಪಕ್ಕದಲ್ಲಿ ಕ್ಯಾತಪ್ಪನವರು ನಿಂತಿದ್ದರು. ಬೈಕನ್ನು ನೋಡಿದರು, ನನ್ನನ್ನು ನೋಡಿದರು, ಲೋಹಿತಾಳನ್ನು ನೋಡಿದರು. ಒಂದು ಮಾತೂ ಇಲ್ಲ.

"ಬಾಯಿ ಮುಚ್ಕೊಂಡ್ಬುಟ್ಟ" ಎಂದು ಲೋಹಿತಾ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದಳು.

"ಲೇ ಲೋಯ್ತಾ!"

ಕುರಿಗಳೆಲ್ಲ ಒಮ್ಮೆಗೇ ತಲೆ ಎತ್ತಿದವು.

"ಎಲ್ಲಿಗೋಗಿದ್ಯೇ ಮೂದೇವಿ? ಅಂಗ್ಡೀಲಿ ಕುರಿಗೆ ಕಾಯ್ಲೆ ಅಂತೀಯ, ಮನೇಲಿ ಅಂಗ್ಡಿ ಅಂತೀಯ, ಯಾರ್ ಕಲಿಸಿದ್ರೇ ಈ ಬುದ್ಧೀನ? ಬೆಳ್ದಿರೋ ಹೆಣ್ಮಗ್ಳು, ಯಾವನ್ದೋ ಗಾಡಿ ಅತ್ಕಂಡು ಊರೂರು ಸುತ್ತಿದ್ರೆ ನೋಡ್ದೋರು ಏನಂತಾರೆ ಅನ್ನೋ ಗ್ಯಾನ ಬ್ಯಾಡ್ವೇನೇ? ಮಧ್ಯಾನದಿಂದ ನನ್ ಜೀವ ಕೈಗ್ ಬಂದೈತೆ. ಬಾರೇ ಇಲ್ಲಿ! ಬಾಯ್ ಬುಡೇ ಹಾಳಾದೋಳೆ!"

ಭೀಮಕ್ಕ ಬಾಗಿಲಲ್ಲೇ ಬಾಯಿಯ ಮೇಲೆ ಕೈಯಿಟ್ಟು ನಿಂತರು. ಲೋಹಿತಾ ನಕ್ಕಳು. ನಗುತ್ತಲೇ ಕಣ್ಣಿಂದ ನೀರು ಸುರಿಯತೊಡಗಿತು. ಬೈಸಿಕೊಳ್ಳುತ್ತಾ ಅಷ್ಟು ಸುಖವಾಗಿ ನಿಂತ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ನಗ್ತೀಯೇನೇ?" ಎಂದು ಇನ್ನೂ ಗಟ್ಟಿಯಾಗಿ ಕೂಗಿದ ಕ್ಯಾತಪ್ಪನವರಿಗೆ ಆಗ ತಮ್ಮ ಬಾಯಿಂದ ಹೊರಟದ್ದು ತಮ್ಮ ಕಿವಿಗೇ ಕೇಳಿಸಿತು. ತಡವರಿಸಿದರು. ಕೋಲು ಗೋಡೆಗೆ ಆನಿಸಿ ಜಗುಲಿಯ ಮೇಲೆ ಕುಳಿತು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

ನಾನು ಮುಂದೆ ಬಂದು, "ತಪ್ಪು ನನ್ನದು. ನಾನು ಇವಳನ್ನ ಮದುವೆ ಆಗ್ಬೇಕು ಅಂತಿದ್ದೀನಿ" ಎಂದೆ.

ಅವರು ಟವೆಲಿನ ಹಿಂದಿನಿಂದ ನನ್ನನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಂತೇ ಇದೀರಲ್ಲ. ಕುಂತ್ಕಳಿ" ಎಂದರು. ಯಶೋದ "ಅಯ್ಯೋ, ಅಳಿಯಂದ್ರು!" ಎಂದು ಚೀರಿ ಕಾಲಿಗೆ ನೀರು ತರಲು ಒಳಗೆ ಓಡಿದಳು.

ಲೋಹಿತಾ ಅಪ್ಪನ ಕಾಲ ಬಳಿ ಕುಳಿತಳು. "ಅಪ್ಪಾ, ಇನ್ನೊಂಚೂರು ಬಯ್ಯಪ್ಪ."

"ಓಗೇ, ಓಗು! ನಿಮ್ಮವ್ವ ಎಸರಿಕ್ಕವ್ಳೆ. ಮುದ್ದೆ ತಿರುವೋಗೇ" ಎಂದರು ಕ್ಯಾತಪ್ಪನವರು, ಅವಳ ತಲೆಯ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯದೆ.

ಆ ಸಂಜೆ ಮುದ್ದೆ ಗಂಟುಗಂಟಾಗಿತ್ತು. ಅದಕ್ಕೂ ಅವರು ಅವಳಿಗೆ ಮನಸಾರೆ ಬೈದರು.